ಹಲ್ಟನ್ ಕಾರ್ಡಿನ ಎರಡನೆಯ ಸಹಿ

ಗೆಳೆಯ ಭೂತಗನ್ನಡಿ ತೀರಿಹೋಗಿ ಇಂದಿಗೆ ಹನ್ನೊಂದು ದಿನ. ಅಕ್ಷರಗಳನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದುತ್ತಿದ್ದನಾದ್ದರಿಂದ ಕಚೇರಿಯಲ್ಲಿ ಎಲ್ಲರೂ ಅವನನ್ನು ಹಾಗೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ನಾವಿಬ್ಬರೂ ಒಂದೇ ಮೇಜಿನ ಆಚೆ ಈಚೆ ಕೂತು ಜರ್ಮನ್-ಕನ್ನಡ ನಿಘಂಟಿಗೆ ದುಡಿದೆವು. ಒಂದು ಪದಕ್ಕೆ ಒಂದು ಕಾರ್ಡು. ಬರೆದವನ ಸಹಿ ಒಂದು, ಒಪ್ಪಿದವನ ಸಹಿ ಇನ್ನೊಂದು. ಎರಡೂ ಇಲ್ಲದ ಕಾರ್ಡು ಅಚ್ಚಿಗೆ ಹೋಗುವಂತಿರಲಿಲ್ಲ.

ಅವನ ಕೊನೆಯ ಕಾರ್ಡು ‘ಹಲ್ಟನ್’. ರೂಪಗಳಲ್ಲಿ ತಕರಾರಿರಲಿಲ್ಲ: ನಾನು ಹಿಡಿದರೆ ಹಲ್ಟೆ, ಅವನು ಹಿಡಿದರೆ ಹೆಲ್ಟ್, ನಿನ್ನೆ ಹಿಡಿದದ್ದು ಹೀಲ್ಟ್, ಹಿಡಿದು ಮುಗಿದದ್ದು ಗೆಹಲ್ಟನ್. ಹಿಡಿ, ನಿಲ್ಲು, ಇಟ್ಟುಕೊ, ಕೊಟ್ಟ ಮಾತು ಉಳಿಸಿಕೊ; ಅರ್ಥಗಳೂ ಸರಿ. ಆದರೆ ಎಲ್ಲಕ್ಕಿಂತ ಮೇಲೆ ಅವನು ‘ಮೂಲದಲ್ಲಿ: ದನ ಕಾಯು’ ಎಂದು ಬರೆದಿದ್ದ.

“ಓದೋನಿಗೆ ಬೇಕಾಗಿರೋದು ಹಿಡಿಯೋದು ಕಣೋ. ದನ ಯಾಕೆ ತಲೆ ಮೇಲೆ? ಕೆಳಗೆ ಹಾಕು,” ಎಂದೆ.

“ದನ ಕಾಯೋನು ಬಾಲ ಹಿಡ್ಕೊಂಡು ನಿಲ್ತಾನಾ? ಕಣ್ಣಲ್ಲೇ ಹಿಡ್ಕೊಂಡಿರ್ತಾನೆ. ಅದೇ ಮೊದಲು, ಮಿಕ್ಕಿದ್ದೆಲ್ಲ ಆಮೇಲೆ. ನೀನು ಕಾಯ್ದಿದ್ರೆ ಗೊತ್ತಾಗೋದು.”

“ನಿನ್ನನ್ನ ಕಾಯ್ತಿಲ್ವಾ, ಇಷ್ಟು ವರ್ಷದಿಂದ?”

ನಕ್ಕ. ನಾನು ಸಹಿ ಹಾಕಲಿಲ್ಲ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಕಾರ್ಡು ತಿಂಗಳೆಲ್ಲ ನನ್ನ ಡ್ರಾಯರಿನಲ್ಲಿ ಕೂತಿತು. ಅಷ್ಟರಲ್ಲಿ ಅವನು ಆಸ್ಪತ್ರೆ ಸೇರಿದ.

ನೋಡಲು ಹೋಗುವಾಗ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡಿದ್ದೆ. ಪೆನ್ನು ತೆಗೆದದ್ದೇ ತಡ, “ಬೇಡ. ಸಾಯೋನು ಅಂತ ಹಾಕಿದ್ರೆ ಸುಳ್ಳು ಸಹಿ. ಒಪ್ಪಿದ್ರೆ ಹಾಕು,” ಎಂದ. ನಾಚಿಕೆಯಾಗಿ ಪೆನ್ನು ಮುಚ್ಚಿದೆ.

ಮತ್ತೆ ಮೂರು ದಿನ ಹೋದೆ. ಅವನ ಹೆಂಡತಿ, ನಾನು ಅತ್ತಿಗೆ ಅನ್ನುತ್ತಿದ್ದವರು, ಸ್ಟೂಲಿನ ಮೇಲೆ ಕೂತು ಅವನ ಅಂಗಿಗೆ ಗುಂಡಿ ಹೊಲಿಯುತ್ತಿದ್ದರು. ಮುಟ್ಟಿದರೆ ನೋವೆಂದು ಅವನ ಕೈ ಹಿಡಿಯುವಂತಿರಲಿಲ್ಲ. ಅವರು ಸೂಜಿಯನ್ನೂ ನೋಡುತ್ತಿರಲಿಲ್ಲ, ನನ್ನನ್ನೂ ನೋಡುತ್ತಿರಲಿಲ್ಲ; ಕಣ್ಣು ಅವನ ಮೇಲೇ. ಹೊದಿಕೆ ಒಂದು ಬೆರಳಷ್ಟು ಜಾರಿದರೂ ಎದ್ದು ಸರಿಪಡಿಸಿ ಬಂದು ಕೂರುತ್ತಿದ್ದರು. ಮೂರನೆಯ ದಿನ ಯಾರನ್ನೂ ಕೇಳದೆ ಸಹಿ ಹಾಕಿದೆ.

“ಕನಿಕರಕ್ಕಾ?” ಎಂದ.

“ಅಲ್ಲ ಕಣೋ. ಅತ್ತಿಗೇನ ನೋಡಿ.”

“ಇಬ್ಬರೂ ಸೇರಿ ನನ್ನನ್ನ ದನ ಮಾಡಿದ್ರಲ್ಲ! ಸ್ವಲ್ಪ ಹುಲ್ಲಾದ್ರೂ ಹಾಕಿ.”

“ಹಾಲು ಕುಡೀರಿ ಅಂದ್ರೆ ಕುಡಿಯಲ್ಲ, ಹುಲ್ಲು ಬೇಕಂತೆ ಹುಲ್ಲು,” ಎಂದು ಅತ್ತಿಗೆ ದಾರ ಕಚ್ಚಿ ಹರಿದರು.

ಅವನು ಕಾರ್ಡನ್ನು ಮೂಗಿಗೆ ಹಿಡಿದು ನನ್ನ ಸಹಿ ನೋಡಿದ. “ಕೋಳಿ ಕೆದಕಿದ ಹಾಗಿದೆ. ಇರಲಿ, ಅಚ್ಚಿಗೆ ಕಳಿಸು.”

ಕಳಿಸಿದೆ. ಅದಾದ ನಾಲ್ಕನೆಯ ದಿನ ಅವನು ಹೋದ.

ಇವತ್ತು ಬೆಳಿಗ್ಗೆ ಮುಂದಿನ ಪದದ ಕಾರ್ಡು ಬರೆದು, ನನ್ನ ಸಹಿ ಹಾಕಿ, ರೂಢಿಯಂತೆ ಮೇಜಿನ ಆಚೆಗೆ ತಳ್ಳಿದೆ.