ಆಟೋದಲ್ಲಿ ಕೂತು ಮಾಡಿದ ವಾಕಿಂಗ್

ಮೊಮ್ಮಕ್ಕಳೇ, ಇದನ್ನು ಬರೆಯುವಾಗಲೂ ನನಗೆ ನಗು ತಡೆಯಲಾಗುತ್ತಿಲ್ಲ.

ನನ್ನ ತಾಯಿ, ಅಕ್ಕ ಇಬ್ಬರೂ ಎದೆಯ ಕ್ಯಾನ್ಸರಿನಿಂದ ಹೋದರು. ಹೋದ ವರ್ಷ ರಾಯಚೂರಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ, ಆ ರೋಗ ತರಬಲ್ಲ ಜೀನ್ ದೋಷ ನನಗೂ ನಿಮ್ಮ ತಾಯಿಗೂ ಇಳಿದು ಬಂದಿದೆ ಎಂದು ತಿಳಿಯಿತು. ಡಾಕ್ಟರಮ್ಮ ಹೇಳಿದರು: "ದೋಷ ಐತಿ ಅಂದ್ರ ರೋಗ ಐತಿ ಅಂತಲ್ಲ. ತಪಾಸಣಿ ತಪ್ಪಿಸಬ್ಯಾಡ್ರಿ. ದಿನಾ ಜೋರು ನಡೀರಿ, ಅಪಾಯ ಒಂಚೂರು ತಗ್ಗಬಹುದು."

ನಿಮ್ಮ ತಾಯಿಗೆ ನಡಿಗೆ ಎಂದರೆ ಹಾಗಲಕಾಯಿ. "ನೀ ನಡದ್ರ ನಾ ನಡೀತೀನವ್ವ," ಎಂದು ಷರತ್ತು ಹಾಕಿ ಗದ್ವಾಲದ ನಿಮ್ಮ ಮನೆಗೆ ಹೋದಳು.

ಮರುದಿನವೇ ನಾನು ಮಕ್ತಲದಿಂದ ನಾರಾಯಣಪೇಟೆ ರಸ್ತೆ ಹಿಡಿದೆ. ನಮ್ಮ ಕಡೆ ಕೆಲಸವಿಲ್ಲದೆ ರಸ್ತೆಯಲ್ಲಿ ಯಾರೂ ನಡೆಯುವುದಿಲ್ಲ. ನಡೆಯುತ್ತಿದ್ದರೆ ಆಟೋ ಸಿಗಲಿಲ್ಲವೆಂದೇ ಅರ್ಥ. ನೂರು ಹೆಜ್ಜೆ ಹಾಕಿರಲಿಲ್ಲ, ಶೇರ್ ಆಟೋ ಪಕ್ಕಕ್ಕೇ ಬಂದು ನಿಂತಿತು. "ಬರ್ರಿ ಅಮ್ಮಾ, ಉಟ್ಕೂರು!" ಒಳಗಿದ್ದವರು ಆಗಲೇ ಸರಿದು ಜಾಗ ಮಾಡಿದ್ದರು. ಬೇಡವೆಂದರೆ ಯಾಕೆ ಎಂದು ಕೇಳುತ್ತಾರೆ. ಅಷ್ಟು ಗಂಡಸರ ಮುಂದೆ ಎದೆ, ಕ್ಯಾನ್ಸರ್ ಎಂಬ ಮಾತು ನನ್ನ ಬಾಯಿಂದ ಹೊರಡಬೇಕಲ್ಲ! ಸೆರಗು ಹೊದ್ದು ಹತ್ತಿ ಕೂತೆ. ಮುಂದಿನ ಊರಾದ ಉಟ್ಕೂರಿನಲ್ಲಿ ಇಳಿದು ಅದೇ ಆಟೋದಲ್ಲಿ ವಾಪಸು ಬಂದೆ. ಒಂದು ವಾರ ಇದೇ ಕತೆ.

ಸಂಜೆ ಫೋನಿನಲ್ಲಿ ನಿಮ್ಮ ತಾಯಿ, "ಎಲ್ಲಿತನ ಹೋಗಿದ್ದೆವ್ವ?"

"ಉಟ್ಕೂರ್ ಕಡಿಗಿ." ಸುಳ್ಳಲ್ಲವಲ್ಲ!

"ಅಬಬಾ! ಹಂಗಾದ್ರ ನಾನೂ ನಾಳೆ ಗದ್ವಾಲದ ಕೋಟೆ ಸುತ್ತ ಎರಡು ಸುತ್ತು ಹಾಕ್ತೀನಿ ನೋಡು."

ಹಾಕಿದಳು ಕೂಡ, ದಿನಾ. ನನ್ನ ಆಟೋ ಗುಟ್ಟು ಒಡೆದರೆ ಇವಳು ಚಪ್ಪಲಿ ಬಿಚ್ಚಿಟ್ಟು ಕೂತೇಬಿಡುತ್ತಾಳೆ.

ಭಾನುವಾರ ಅವಳೇ ಬಂದಳು. "ನಡಿ, ನಿನ್ನ ಜೋಡಿ ಬರ್ತೀನಿ." ರಸ್ತೆಗೆ ಬಂದೆವೋ ಇಲ್ಲವೋ, ಅದೇ ಆಟೋ! "ಅಮ್ಮಾ, ಇವತ್ತು ಇಬ್ರಾ? ನೀವು ದಿನಾ ಕೂಡೋ ಜಾಗ ಖಾಲಿ ಇಟ್ಟೀನ್ರಿ!"

ನಿಮ್ಮ ತಾಯಿ ನನ್ನ ಮುಖ ನೋಡಿದಳು. "ದಿನಾ ಕೂಡೋ ಜಾಗಾ?"

ನನಗೆ ಎಲ್ಲಿಂದ ಬಂತೋ ಆ ದನಿ: "ಇಲ್ಲಪ್ಪಾ, ಹತ್ತಂಗಿಲ್ಲ! ನಮ್ಮ ಮನೆತನದಾಗ ಎದಿ ಕ್ಯಾನ್ಸರ್ ಐತಿ. ಡಾಕ್ಟರು ನಡೀರಿ ಅಂದಾರ. ಹೇಳಾಕ ನಾಚಿ ಒಂದು ವಾರ ನಿನ್ನ ಆಟೋದಾಗ ಕೂತೆ. ಇನ್ನ ನಾನೂ ನಡೀಬೇಕು, ನನ್ನ ಮಗಳೂ ನಡೀಬೇಕು!"

ಹಿಂದಿನ ಸೀಟಿನ ಮುದುಕಿಯೊಬ್ಬಳು ತೆಲುಗಿನಲ್ಲಿ "ನಡುವಮ್ಮಾ, ನಡು!" ಎಂದು ನಡೆಯಲು ಹುರಿದುಂಬಿಸಿ ಚಪ್ಪಾಳೆ ತಟ್ಟಿದಳು. ಡ್ರೈವರ್ ಹಣೆ ಬಡಿದುಕೊಂಡ. "ಮೊದಲೇ ಹೇಳಬಾರದೇನ್ರಿ? ನಾಳಿಂದ ನೀವು ಕೈ ಮಾಡಿದ್ರೂ ನಿಲ್ಸಂಗಿಲ್ಲ!"

ನಿಮ್ಮ ತಾಯಿ ರಸ್ತೆ ಬದಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಸಿಟ್ಟು ಬಂತೇನ? ನಡಿಯೂದು ಬಿಟ್ಟುಬಿಡ್ತಿ?" ಎಂದೆ ಅಂಜುತ್ತ.

"ಯಾಕ ಬಿಡ್ಲಿ? ನಿನ್ನ ಮಾತು ನಂಬಿ ಸುತ್ತಿ ಸುತ್ತಿ ನನ್ನ ಕಾಲು ಗಟ್ಟಿ ಆಗ್ಯಾವ. ಸುಳ್ಳಬುರುಕಿ, ಹಿಡಿ ನೋಡೋಣ!" ಎಂದು ಓಡಿದಳು. ನಾನು ನೆರಿಗೆ ಎತ್ತಿ ಹಿಡಿದು ಅವಳ ಬೆನ್ನು ಹತ್ತಿದೆ, ಹಾಡಹಗಲೇ, ಎಲ್ಲರೂ ನೋಡುತ್ತಿದ್ದಂತೆ.