ಚನ್ನಬಸಪ್ಪ ಕಾಕಾರ ಆವರಿಕೆ ನೀರು

ಚನ್ನಬಸಪ್ಪ ಕಾಕಾ ಮದುವೆಗೆ ಹೊರಡಲಿ, ಕಚೇರಿ ಕೆಲಸಕ್ಕೆಂದು ಸವದತ್ತಿಗೆ ಹೊರಡಲಿ, ಯಾರದೋ ಮಗನಿಗೆ ಹೆಣ್ಣು ನೋಡಲು ಕಿತ್ತೂರಿಗೆ ಹೊರಡಲಿ, ಹೆಗಲ ಮೇಲೊಂದು ಬಡಿಗೆ, ಬಡಿಗೆಯ ತುದಿಗೊಂದು ತಾಮ್ರದ ತಂಬಿಗೆ ಇರಲೇಬೇಕು. ತಂಬಿಗೆಯ ಬಾಯಿಗೆ ಅರಿವೆ ಬಿಗಿದಿರುತ್ತಿತ್ತು. ಒಳಗೆ ಆವರಿಕೆ ಹೂವು ಕುದಿಸಿದ ನೀರು. ಬೀಗರು ಪಾನಕ ಕೊಟ್ಟರೂ ಅಷ್ಟೆ, ಮಜ್ಜಿಗೆ ಕೊಟ್ಟರೂ ಅಷ್ಟೆ, ಕಾಕಾ ಮುಟ್ಟುತ್ತಿರಲಿಲ್ಲ. ಅರಿವೆ ಬಿಚ್ಚಿ ತಮ್ಮದನ್ನೇ ಬಗ್ಗಿಸಿಕೊಂಡು ಕುಡಿದು, ಉಳಿದದ್ದನ್ನು ಬೀಗರಿಗೇ ಕುಡಿಸಿ ಎದ್ದು ಬರುತ್ತಿದ್ದರು.

ಅವರ ಧೋತರಗಳೆಲ್ಲ ಹಳದಿ. ಹೂವು ಒಣಗಿಸುವುದು ಅವುಗಳ ಮೇಲೆ, ಆಮೇಲೆ ಉಡುವುದೂ ಅವನ್ನೇ. ಹುಣ್ಣಿಮೆಯ ಹೊತ್ತಿಗೆ ಸವದತ್ತಿಯ ದಾರಿ ಹಿಡಿದರೆ, ಎಲ್ಲಮ್ಮನ ಗುಡ್ಡಕ್ಕೆ ಹೊರಟ ಜನ ಆ ಬಣ್ಣವನ್ನು ದೇವಿಯ ಅರಿಸಿನದ ಭಂಡಾರವೆಂದೇ ತಿಳಿದು, ಯಾರೋ ದೊಡ್ಡ ಭಕ್ತರು ಗುಡ್ಡದಿಂದ ಇಳಿದು ಬಂದರೆಂದು ಕಾಲಿಗೆ ಬೀಳುತ್ತಿದ್ದರು. ಕಾಕಾ ಅಲ್ಲವೆನ್ನುತ್ತಿರಲಿಲ್ಲ. ತಲೆಯ ಮೇಲೆ ಕೈಯಿಟ್ಟು, ಮಳೆಯಾಗಲಿ, ಮಕ್ಕಳಾಗಲಿ ಎಂದು ಹರಸಿ, ಕೊನೆಗೆ ಚಹಾ ಮಾತ್ರ ಕುಡಿಯಬೇಡಿರೆಂದು ಸೇರಿಸಿ ಮುಂದೆ ನಡೆಯುತ್ತಿದ್ದರು. ಚಹಾ ಎಂದರೇನೆಂದೇ ಅರಿಯದ ಎಷ್ಟು ಜನ ಅದನ್ನು ದೇವಿಯ ಅಪ್ಪಣೆಯೆಂದು ಪಾಲಿಸಿದರೋ ನನಗೆ ತಿಳಿಯದು.

ನಾನು ಧಾರವಾಡದಿಂದ ಬೈಲಹೊಂಗಲಕ್ಕೆ ಸೊಸೆಯಾಗಿ ಬಂದದ್ದು ಇಪ್ಪತ್ತನೆಯ ಶತಮಾನ ಇನ್ನೂ ಎಳೆಯದಾಗಿದ್ದಾಗ. ನಮ್ಮ ಯಜಮಾನರು ಅರಳೆ ವ್ಯಾಪಾರಿಯೊಬ್ಬರ ಹತ್ತಿರ ಗುಮಾಸ್ತರು. ತವರಿನಲ್ಲಿ ನಮ್ಮ ಅಪ್ಪನಿಗೆ ಚಹಾದ ಚಟ ಹತ್ತಿತ್ತು. ಅದು ನನಗೂ ಅಂಟಿ, ಟ್ರಂಕಿನಲ್ಲಿ ಸೀರೆಯ ನಡುವೆ ಒಂದು ಚಹಾದ ಡಬ್ಬಿ ಇಟ್ಟುಕೊಂಡೇ ಗಂಡನ ಮನೆಗೆ ಬಂದಿದ್ದೆ. ನಮ್ಮ ಹಿತ್ತಲಿಗೂ ಕಾಕಾರ ಹಿತ್ತಲಿಗೂ ನಡುವೆ ಒಂದು ಮಣ್ಣಿನ ಗೋಡೆ, ಅದರಲ್ಲಿ ಬಗ್ಗಿ ದಾಟುವಷ್ಟು ಒಂದು ದಿಡ್ಡಿ ಬಾಗಿಲು. ನಾನು ಮೊದಲ ಸಲ ಚಹಾಕ್ಕೆ ನೀರಿಟ್ಟ ದಿನವೇ ಆ ಬಾಗಿಲಿನಿಂದ ಮೊದಲು ಒಂದು ಜೋಡಿ ಮೀಸೆ, ಆಮೇಲೆ ಕಾಕಾ ಒಳಗೆ ಬಂದರು. ಮೂಗು ಅರಳಿಸಿ ನೋಡಿ, ಹೊಸ ಸೊಸೆಯೆಂದು ಮೆತ್ತಗೆ ಮಾತಾಡಿದರು.

"ತಂಗಿ, ನಿದ್ದಿ ಅನ್ನೂದು ಮನಶ್ಯಾನ ಆಸ್ತಿ. ಅದನ್ನ ಕದಿಯೂ ನೀರಿಗೆ ರೊಕ್ಕಾ ಕೊಡೂದಂದ್ರ ಕಳ್ಳಗ ಕರದು ಪಗಾರ ಕೊಟ್ಟಂಗ."

ಅವರ ಆವರಿಕೆ ನೀರು ನಿದ್ದೆಯ ತಂಟೆಗೆ ಹೋಗುತ್ತಿರಲಿಲ್ಲ ಎಂಬುದು ನಿಜ. ಅದಕ್ಕೆ ಕಾಕಾರೇ ಸಾಕ್ಷಿ. ಉಂಡು, ಒಂದು ವಾಟಗ ಕುಡಿದು, ಹೊರಗಿನ ಕಟ್ಟೆಯ ಮೇಲೆ ಉರುಳಿದರೆ ಓಣಿಯ ಹೋರಿ ಬಂದು ರುಮಾಲು ಮೂಸಿದರೂ ಏಳುತ್ತಿರಲಿಲ್ಲ. ಒಂದು ಸಲ ಅದು ರುಮಾಲಿನ ಚುಂಗನ್ನು ಅರ್ಧ ತಿಂದೂ ಹಾಕಿತು. ಎದ್ದ ಮೇಲೆ ಕಾಕಾ ಸಿಟ್ಟಾಗುವುದು ಬಿಟ್ಟು, ಉಳಿದರ್ಧವನ್ನು ಓಣಿಗೆಲ್ಲ ತೋರಿಸಿ, ನಿದ್ದೆ ಎಂದರೆ ಹೀಗಿರಬೇಕು ಎಂದು ಹೇಳಿಕೊಂಡು ಬಂದರು.

ಈ ನೀರು ಅವರಿಗೆ ಎಲ್ಲಿಂದ ಬಂತೆಂದು ಕೇಳಿದರೆ ಕೇಳಿದವರನ್ನು ನೋಡಿ ಉತ್ತರ ಬದಲಾಗುತ್ತಿತ್ತು. ದೈವಭಕ್ತರಿಗೆ, ಗುಡ್ಡದ ಬೈರಾಗಿಯೊಬ್ಬ ಕಿವಿಯಲ್ಲಿ ಹೇಳಿಕೊಟ್ಟದ್ದು. ಗರಡಿಮನೆಯ ಹುಡುಗರಿಗೆ, ಕಿತ್ತೂರ ಕೋಟೆಯ ಕಾವಲುಗಾರರು ಕುಡಿಯುತ್ತಿದ್ದದ್ದು. ಕಾಕಾರ ಹೆಂಡತಿ ನೀಲವ್ವಕಾಕು ಮಾತ್ರ ಸೆರಗಿನಲ್ಲಿ ನಗು ಮುಚ್ಚಿಕೊಂಡು ಇದ್ದದ್ದನ್ನು ಹೇಳುತ್ತಿದ್ದಳು. ರಾಮದುರ್ಗದಲ್ಲಿ ಕಾಕಾರ ತಾಯಿಗೆ ಎಮ್ಮೆ ಇರಲಿಲ್ಲ, ಬಂದವರಿಗೆ ಕೊಡಲು ಮಜ್ಜಿಗೆಯೂ ಇರಲಿಲ್ಲ. ಬರಿಗೈಯಲ್ಲಿ ಕಳಿಸಬಾರದೆಂದು ಆಕೆ ಬೇಲಿಯ ಹೂವು ಹರಿದು ಕುದಿಸಿ ಕೊಡುತ್ತಿದ್ದಳು. ಮಗ ಅದನ್ನೇ ಅಮೃತವೆಂದು ನಂಬಿ ಬೆಳೆದ.

ಅದನ್ನು ಮಾಡುವಾಗಿನ ಮಡಿ ಮಾತ್ರ ಲಿಂಗಪೂಜೆಗೂ ಇರುತ್ತಿರಲಿಲ್ಲ. ಬಿಸಿಲು ಏರುವ ಮೊದಲೇ ಹೂವು ಹರಿಯಬೇಕು. ಅಟ್ಟದ ನೆರಳಿನಲ್ಲಿ ಒಣಗಿಸಬೇಕು. ಬಿಸಿಲಿಗೆ ಹಾಕಿದರೆ ಬಣ್ಣ ಹೋಗಿ ಹುಲ್ಲಿನ ವಾಸನೆ ಬರುತ್ತದೆ. ಆಮೇಲೆ ಹುರಿದ ಕೊತ್ತಂಬರಿ ಬೀಜ, ಒಣ ಶುಂಠಿ ಸೇರಿಸಿ ಒರಳಲ್ಲಿ ಕುಟ್ಟಿ ಗಡಿಗೆಯಲ್ಲಿ ತುಂಬಿಡಬೇಕು. ಕುಡಿಯುವಾಗ ಬೆಲ್ಲ ಹಾಕಬೇಕು, ಹಾಲು ಕೂಡದು. ಕುಡಿದು ಮಿಕ್ಕಿದ್ದಕ್ಕೂ ಕೆಲಸವಿತ್ತು. ಉರಿಮೂತ್ರಕ್ಕೆ ಅದೇ, ಗಂಟಲು ಕಟ್ಟಿದರೆ ಅದೇ, ಹೆಂಗಸರ ತಲೆ ತೊಳೆಯಲು ಅದರ ಪುಡಿ. ಎತ್ತು ಮೇವು ಬಿಟ್ಟರೆ ಎತ್ತಿಗೂ ಬಿದಿರಿನ ಗೊಟ್ಟದ ತುಂಬ ಅದೇ. ಎತ್ತು ಮರುದಿನ ಮೇಯುತ್ತಿತ್ತು, ಇನ್ನೊಮ್ಮೆ ಕುಡಿಸುತ್ತಾರೆಂಬ ಅಂಜಿಕೆಗೆ ಎಂದು ನಮ್ಮ ಯಜಮಾನರು ಹೇಳುತ್ತಿದ್ದರು.

ಹೂವಿನ ಗಿಡಗಳ ಮೇಲೆ ಇನ್ನೊಬ್ಬರ ಕಣ್ಣೂ ಇತ್ತು. ಚರ್ಮ ಹದ ಮಾಡುವ ಯಲ್ಲಪ್ಪನಿಗೆ ಅದೇ ಆವರಿಕೆಯ ತೊಗಟೆ ಬೇಕು. ಅವನು ತೊಗಟೆ ಸುಲಿದರೆ ಇವರಿಗೆ ಹೂವಿಲ್ಲ. ಸವದತ್ತಿ ದಾರಿಯ ಬದುವಿನ ಮೇಲೆ ಇಬ್ಬರೂ ಎಷ್ಟೋ ದಿನ ಜಗಳಾಡಿ, ಕೊನೆಗೆ ಹೂವು ಮುಗಿದ ಮೇಲೆ ತೊಗಟೆ ಎಂದು ರಾಜಿಯಾದರು. ರಾಜಿಯಾದ ಸಂತೋಷಕ್ಕೆ ಯಲ್ಲಪ್ಪ ಒಂದು ಮಾತು ಆಡಿದನಂತೆ: "ಸಾವಕಾರ್ರ, ಈ ಗಿಡಾ ಕೋಣದ ತೊಗಲನ್ನ ಹದಾ ಮಾಡತೈತಿ, ನಿಮ್ಮ ಹೊಟ್ಟಿ ಯಾವ ಲೆಕ್ಕ." ಕಾಕಾರಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ, ಊರಿನ ಮನೆ ಮನೆಗೆ ಹೋಗಿ ಅದನ್ನೇ ಹೇಳಿ ಆವರಿಕೆ ಕುಡಿಯಲು ಕರೆದರು. ಅದಕ್ಕೂ ಮೊದಲು ದಾಕ್ಷಿಣ್ಯಕ್ಕೆ ಕುಡಿಯುತ್ತಿದ್ದ ನಾಲ್ಕಾರು ಮನೆಯವರೂ ಅಂದಿನಿಂದ ಬಿಟ್ಟರು.

ಇನ್ನು ಒಂದು ಸಂತೆಯ ಕಥೆ. ಚಹಾ ಕಂಪನಿಯ ಮನುಷ್ಯನೊಬ್ಬ ಹಲಗೆ ಬಾರಿಸಿಕೊಂಡು ಬೈಲಹೊಂಗಲದ ಸಂತೆಗೆ ಬಂದ. ಬೆಳಗಾವಿ ಕಡೆಯ ಸಣ್ಣ ವಯಸ್ಸಿನವನು, ಅರ್ಧ ಮರಾಠಿ, ಅರ್ಧ ಕನ್ನಡ. ದೊಡ್ಡ ಹಂಡೆ ಇಟ್ಟು, ಎಲ್ಲರಿಗೂ ಪುಕ್ಕಟೆ ಎಂದು ಸಾರಿದ. ಕಾಕಾ ಎದುರಿನ ಬೇವಿನ ಮರದ ಕೆಳಗೆ ತಮ್ಮ ಹಂಡೆ ಹೂಡಿ, ಇಲ್ಲಿಯೂ ಪುಕ್ಕಟೆ ಎಂದರು. ಜನ ಕಾಕಾರಿಗೆ ಶರಣು ಮಾಡಿ ಕಂಪನಿಯವನ ಕಡೆಗೆ ಹೋದರು. ನಮ್ಮ ಜನಕ್ಕೆ ಪುಕ್ಕಟೆ ಎಂದರೆ ಊಟದ ನೆನಪೇ ಬರುವುದು. ಸಾಲಾಗಿ ಪಂಕ್ತಿ ಹಿಡಿದು, ವಾಟಗ ಮುಂದಿಟ್ಟುಕೊಂಡು ಕುಳಿತೇಬಿಟ್ಟರು. ಅಷ್ಟರಲ್ಲಿ ಬಿಸಿಲಿಗೆ ಕಂಪನಿಯವನ ಹಾಲು ಒಡೆಯಿತು. ಅವನು ಹಂಡೆಯ ಮುಂದೆ ಅಳುವ ಮುಖ ಮಾಡಿಕೊಂಡು ನಿಂತ.

ಬೇರೆ ಯಾರಾದರೂ ಆಗಿದ್ದರೆ ಕೈ ತಟ್ಟಿ ನಗುತ್ತಿದ್ದರು. ಆದರೆ ಪಂಕ್ತಿ ಕುಳಿತಿದೆ. ಕುಳಿತ ಪಂಕ್ತಿ ಬರಿಬಾಯಲ್ಲಿ ಎದ್ದರೆ ಅದು ಕಂಪನಿಗಲ್ಲ, ಊರಿಗೇ ಅವಮಾನ. ಕಾಕಾ ಒಂದು ಗಳಿಗೆ ಮೀಸೆ ಕಚ್ಚಿದರು. ಆಮೇಲೆ ಇಬ್ಬರನ್ನು ಕರೆದು ತಮ್ಮ ಹಂಡೆಯನ್ನೇ ಎತ್ತಿಸಿ ಅವನ ಮುಂದೆ ಇಡಿಸಿ, ಬಡಿಸು ಎಂದರು. ಅವನು ಬಡಿಸಿದ. ಜನ ಸೊರ್ರೆಂದು ಕುಡಿದು, ಚಹಾ ಭಾರೀ ಐತಿ ಎಂದು ತಲೆದೂಗಿ, ಇನ್ನೊಂದು ಸುತ್ತು ಹಾಕಿಸಿಕೊಂಡರು. ಎಷ್ಟೋ ವರ್ಷ ಬಾಗಿಲು ಬಾಗಿಲಿಗೆ ಹೊತ್ತರೂ ಸಿಗದ ಹೊಗಳಿಕೆ ಆ ನೀರಿಗೆ ಅವತ್ತು ಸಿಕ್ಕಿತು, ಹೆಸರು ಮಾತ್ರ ಚಹಾದ್ದು.

ಮುಂದಿನ ಸಂತೆಗೆ ಅಂಗಡಿಗಳಲ್ಲಿ ಚಹಾ ಪುಡಿ ಬಂತು, ಜನ ಮುಗಿಬಿದ್ದು ಕೊಂಡರು. ಕೊಂಡವರೆಲ್ಲ ಮನೆಯಲ್ಲಿ ಕುದಿಸಿ ಕುಡಿದು, ಮೊದಲ ದಿನದ ರುಚಿ ಇಲ್ಲ, ಕಂಪನಿ ಮೋಸ ಮಾಡಿತು ಎಂದು ಬೈದರು. ಬೈಯುತ್ತಲೇ ಚಟ ಹತ್ತಿಸಿಕೊಂಡರು. ಕೆಲವರು ಕಾಕಾರನ್ನೇ ತಡೆದು, ಚಹಾ ತೋರಿಸಿಕೊಟ್ಟ ಪುಣ್ಯಾತ್ಮ ನೀನೇ ಎಂದು ಕೈ ಮುಗಿದರು. ಅವತ್ತು ಕಾಕಾ ತುಂಬಿದ ಸಂತೆಯಲ್ಲಿ ಮೀಸೆಯ ಮೇಲೆ ಕೈಯಿಟ್ಟು ಹೇಳಿದರು:

"ನನ್ನ ಮನಿ ಹೊಸ್ತಿಲಾ ಚಹಾ ದಾಟಿದ ದಿನಾ ಈ ಮೀಸಿ ಇರೂದಿಲ್ಲ. ಬೋಳಿಸಿಕೊಂಡು ಇದ ಸಂತ್ಯಾಗ ಬಂದು ನಿಂದರತೇನಿ."

ಕಾಕಾರ ಮೀಸೆ ಎಂಥದೆಂಬುದು ಊರಿಗೆ ಗೊತ್ತಿತ್ತು. ಆಡಿದ ಮಾತಿಗೆ ತಪ್ಪುವ ಮನುಷ್ಯ ಅಲ್ಲವೆಂಬುದೂ ಗೊತ್ತಿತ್ತು. ಆದ್ದರಿಂದ ಈ ಆಣೆಯ ಸುದ್ದಿ ಕೇಳಿ ಎಲ್ಲರಿಗಿಂತ ಹೆಚ್ಚು ಬೆವೆತವಳು ನೀಲವ್ವಕಾಕು. ಯಾಕೆಂದರೆ ಆ ಹೊತ್ತಿಗಾಗಲೇ ಆಕೆ ದಿನಾ ಮಧ್ಯಾಹ್ನ, ಕಾಕಾ ಕಟ್ಟೆಯ ಮೇಲೆ ಮಲಗಿದಾಗ, ಕೆಂಡ ಕೇಳುವ ನೆವ ಮಾಡಿ ದಿಡ್ಡಿ ಬಾಗಿಲಿನಿಂದ ಬಗ್ಗಿ ಬಂದು ನಮ್ಮ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಿದ್ದಳು.

ಆಕೆ ಬಾಗಿಲಿಗೆ ಬೆನ್ನು ಮಾಡಿ, ಸೆರಗಿನ ಮರೆಯಲ್ಲಿ ಬಟ್ಟಲು ಹಿಡಿದು, ಸಣ್ಣ ಗುಟುಕಾಗಿ ಕುಡಿಯುತ್ತ ಗಂಡನನ್ನು ಬೈಯುವುದನ್ನು ಕೇಳುವುದೇ ಒಂದು ಸುಖ. ಆವರಿಕೆ ಕುಡಿದು ಕುಡಿದು ತನ್ನ ನಾಲಿಗೆ ಚಪ್ಪಲಿಯಾಗಿದೆ ಎನ್ನುತ್ತಿದ್ದಳು. ಹೋಗುವಾಗ ತುಳಸಿ ಎಲೆ ಅಗಿದು ವಾಸನೆ ಕಳೆದುಕೊಂಡು, ಹೆಂಚಿನ ಚೂರಿನ ಮೇಲೆ ನಾಲ್ಕು ಕೆಂಡ ಇಟ್ಟುಕೊಂಡು ಹೋಗುವಳು. ಆಣೆಯ ಮರುದಿನ ಮಾತ್ರ ಆಕೆ ಬರಲಿಲ್ಲ. ಅದರ ಮರುದಿನ ಬಂದು, ಆಣೆ ಹೊಸ್ತಿಲಿನದ್ದು, ಹೊಟ್ಟೆಯದ್ದಲ್ಲ ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡು ಬಟ್ಟಲಿಗೆ ಕೈ ಚಾಚಿದಳು. ಆದರೂ ಸುದ್ದಿ ಹೊರಬಿದ್ದರೆ ಗಂಡನ ಮೀಸೆ ಸಂತೆಯಲ್ಲಿ ಹೋಗುತ್ತದೆಂಬ ಅಂಜಿಕೆ ಆಕೆಯನ್ನು ಬಿಡಲಿಲ್ಲ.

ಅದೇ ತಿಂಗಳಲ್ಲಿ ಕಾಕಾ ದಿನಾ ಬೆಳಿಗ್ಗೆ ನಮ್ಮಲ್ಲಿಗೆ ಒಂದು ಚರಿಗೆ ಎಮ್ಮೆಯ ಹಾಲು ಕಳಿಸತೊಡಗಿದರು. ಕೂಸಿಗೆ ಎಂದರು. ನಮ್ಮ ಕೂಸು ಆಗಲೇ ಖಡಕ್ ರೊಟ್ಟಿ ಕಡಿಯುತ್ತಿತ್ತು. ಕಾಕಾರ ದೊಡ್ಡ ಮನಸ್ಸು ಎಂದುಕೊಂಡು ನಾನು ಆ ಹಾಲನ್ನು ಚಹಾಕ್ಕೆ ಹಾಕುತ್ತ ಹೋದೆ.

ಮುಂದೊಂದು ವರ್ಷ ಪುಷ್ಯ ಮಾಸದಲ್ಲಿ ನೀಲವ್ವಕಾಕುಗೆ ಜ್ವರ ಬಂತು. ಹೊರಸು ಹಿಡಿದಳು. ಗಂಜಿ ಒಲ್ಲೆ ಎಂದಳು, ಹಾಲು ಒಲ್ಲೆ ಎಂದಳು. ನಾನು ನೋಡಲು ಹೋದಾಗ ನನ್ನ ಮುಖವನ್ನೇ ದಿಟ್ಟಿಸಿ ತುಟಿ ಸವರಿಕೊಂಡಳು. ಆಕೆಗೆ ಏನು ಬೇಕೆಂದು ನನಗೆ ಗೊತ್ತು, ಆದರೆ ಕೊಡುವುದು ಹೇಗೆ? ನಡುವೆ ಹೊಸ್ತಿಲಿದೆ. ಆಕೆ ದಿನೇ ದಿನೇ ಸೊರಗುತ್ತ ಹೋದಳು. ಮೀಸೆಯೇನು ಮತ್ತೆ ಬೆಳೆಯುತ್ತದೆ, ಕಾಕಾರ ಕಾಲಿಗೆ ಬಿದ್ದು ಎಲ್ಲ ಹೇಳಿಬಿಡುವುದೆಂದು ಗಟ್ಟಿ ಮಾಡಿಕೊಂಡು ಒಂದು ಮಧ್ಯಾಹ್ನ ದಿಡ್ಡಿ ಬಾಗಿಲು ತೆರೆದೆ.

ನೋಡಿದರೆ ಹೊರಸು ಹಿತ್ತಲಿನಲ್ಲಿತ್ತು. ಅದರ ಮೇಲೆ ಕಂಬಳಿ ಹೊದ್ದು ನೀಲವ್ವಕಾಕು ಮಲಗಿದ್ದಳು. ಕಾಕಾ ರುಮಾಲು ಸುತ್ತಿಕೊಂಡು ಹೊಲಕ್ಕೆ ಹೊರಟು ನಿಂತಿದ್ದರು. ನನ್ನನ್ನು ಬಾಗಿಲ ಹತ್ತಿರವೇ ತಡೆದು, ನನ್ನ ಕಡೆ ನೋಡದೆ ಎಮ್ಮೆಯ ಕಡೆ ನೋಡುತ್ತ, ಆಕೆಗೆ ಕೇಳಿಸದಂತೆ ಹೇಳಿದರು.

"ಒಳಗ ಭಾಳ ಧಗಿ ಐತಿ ತಂಗಿ, ಅದಕ್ಕ ಹೊರಸು ಹೊರಗ ಹಾಕೇನಿ. ಹಿತ್ತಲಾ ಅಂದ್ರ ಹೊಸ್ತಿಲಾ ಆಚಿಗಿ ಬರತೈತಿ. ನಾ ಹೊಲಕ್ಕ ಹೊಂಟೇನಿ, ದೀಪಾ ಹಚ್ಚೂತನಕ ಬರೂದಿಲ್ಲ."

ಪುಷ್ಯದ ಥಂಡಿ ಗಾಳಿಗೆ ನಾನು ಸೆರಗು ಬಿಗಿಯಾಗಿ ಹೊದ್ದು ನಿಂತಿದ್ದೆ. ಏನು ಮಾಡಲಿ ಕಾಕಾ ಎಂದು ಏನೂ ತಿಳಿಯದವಳ ಹಾಗೆ ಕೇಳಿದೆ.

"ಅದನ್ನ ನಾ ಬಾಯಿಲೆ ಹೇಳಿದ್ರ ನನ್ನ ಮೀಸಿ ಏನಾಗಬೇಕು. ಬೆಲ್ಲಾ ಬ್ಯಾಡ, ಸಕ್ಕರಿ ಹಾಕು. ಬೆಲ್ಲಕ್ಕ ಹಾಲ ಒಡೀತಾವು." ಎರಡು ಹೆಜ್ಜೆ ಹೋಗಿ ಮತ್ತೆ ನಿಂತರು. "ನನಗ ಗೊತ್ತೈತಿ ಅಂತ ಆಕಿಗೆ ಹೇಳಬ್ಯಾಡ. ಅಂಜಿ ಕುಡದ್ರನ ಆಕಿಗೆ ರುಚಿ."

ಹಾಲಿನ ಚರಿಗೆಯ ಅರ್ಥ ನನಗೆ ಆಗ ಹೊಳೆಯಿತು. ನಗಬೇಕೋ ಅಳಬೇಕೋ ತಿಳಿಯದೆ ಒಲೆಯ ಮುಂದೆ ಕುಳಿತೆ. ನೀಲವ್ವಕಾಕು ಆ ದಿನ ಕಂಬಳಿಯೊಳಗೆ ಮುಖ ಹುದುಗಿಸಿ ಬಟ್ಟಲು ಬರಿದು ಮಾಡಿದಳು. ನಿಮ್ಮ ಕಾಕಾ ಬಂದಾರು, ಬೇಗ ತೊಳೆ ಎಂದು ನನ್ನನ್ನು ಅವಸರಿಸಿದಳು. ಜ್ವರ ಬಿಡುವವರೆಗೆ ಆ ಮನೆಯೊಳಗೆ ಧಗೆ ಇಳಿಯಲಿಲ್ಲ, ಹೊರಸು ದಿನಾ ಮಧ್ಯಾಹ್ನ ಹಿತ್ತಲಿಗೆ ಬರುತ್ತಿತ್ತು. ಚನ್ನಬಸಪ್ಪನಿಗೆ ಬುದ್ಧಿ ಕೆಟ್ಟಿದೆ, ಜ್ವರದ ಹೆಂಡತಿಯನ್ನು ಥಂಡಿಗೆ ಹಾಕುತ್ತಾನೆ ಎಂದು ಓಣಿ ಆಡಿಕೊಂಡಿತು. ಅವರು ಅದನ್ನೂ ನುಂಗಿಕೊಂಡರು.

ಕಾಕಾ ಹೋದದ್ದು ಅದಾದ ಎಷ್ಟೋ ವರ್ಷಕ್ಕೆ, ಒಂದು ಮಧ್ಯಾಹ್ನದ ನಿದ್ದೆಯಲ್ಲಿ. ಎಬ್ಬಿಸಲು ಹೋದವರಿಗೆ ಅವರು ಎಂದಿನಂತೆ ಏಳುತ್ತಿಲ್ಲವೆಂದೇ ಮೊದಲು ಅನ್ನಿಸಿತು. ವಿಭೂತಿ ಬಳಿದು ಹೆಣ ಹೊರುವ ವಿಮಾನದಲ್ಲಿ ಕೂಡಿಸಿದಾಗ ಮೀಸೆ ಹುರಿಗೊಂಡು ನಿಂತಿತ್ತು. ಆಡಿದ ಮಾತು ಉಳಿಸಿಕೊಂಡ ಮನುಷ್ಯ ಎಂದು ಊರೆಲ್ಲ ಹೊಗಳಿತು. ಆ ಮೀಸೆಯನ್ನು ಹುರಿ ಮಾಡಿದವಳು ನೀಲವ್ವಕಾಕು ಎಂಬುದನ್ನು ನಾನು ಕಂಡಿದ್ದೆ.

ದಿನಕರ್ಮಗಳೆಲ್ಲ ಮುಗಿದು ಬೀಗರು ಚದುರಿದ ಮೇಲೆ ಒಂದು ಮಧ್ಯಾಹ್ನ ಚಹಾ ಮಾಡಿದೆ. ಆಕೆ ಕೆಂಡಕ್ಕೆ ಬರಲಿಲ್ಲ. ಇನ್ನು ಮುಚ್ಚುಮರೆ ಯಾಕೆಂದು ಬಟ್ಟಲು ಹಿಡಿದು ಓಣಿಯ ಕಡೆಯಿಂದಲೇ ಅವರ ಮುಂಬಾಗಿಲಿಗೆ ಹೋದೆ. ನೀಲವ್ವಕಾಕು ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದಳು. ನಾನು ಹೊಸ್ತಿಲ ಹತ್ತಿರ ಬರುತ್ತಲೇ ಕೈಯೆತ್ತಿ ತಡೆದಳು. ಎದ್ದು ಬಂದು, ಹೊಸ್ತಿಲಿನ ಒಳಗೇ ನಿಂತು, ಬಟ್ಟಲನ್ನು ನೋಡಿದಳೇ ಹೊರತು ಮುಟ್ಟಲಿಲ್ಲ.

"ಅವರಿಗೆ ಗೊತ್ತಿತ್ತವ್ವಾ," ಎಂದಳು. "ಮೊದಲಿಂದನೂ ಗೊತ್ತಿತ್ತು. ನಾ ಮುಚ್ಚಿಕೊಂಡು ಕುಡಿಯೂದು ಅವರಿಗೆ ಭಾಳ ಸೇರತಿತ್ತು, ಅದಕ್ಕ ಮುಚ್ಚಿಕೊಂಡು ಕುಡೀತಿದ್ದೆ."

ತಣ್ಣಗಾಗುತ್ತದೆ, ತಗೋ ಎಂದೆ.

"ಒಯ್ಯವ್ವಾ," ಎಂದಳು. "ಇನ್ನ ಯಾರಿಗೆ ಅಂಜಿ ಕುಡೀಲಿ."