ಪ್ರೊಕೋಪಿಸ್ ಮೇಷ್ಟ್ರ ಫ್ರಿಜ್ಜಿನ ಆಮೆ

ನಿವೃತ್ತ ಪ್ರೊಕೋಪಿಸ್ ಮೇಷ್ಟ್ರಿಗೆ ಕೂತಲ್ಲಿ ಕೂರುವ ಜಾಯಮಾನವೇ ಇಲ್ಲ. ಅದನ್ನು ಅನುಭವಿಸಬೇಕಾದವಳು ಮಾತ್ರ ಅವರ ಸಾಕು ಆಮೆ ದಾಫ್ನಿ. ಗ್ರೀಸಿನ ಊರೂರಲ್ಲೂ ಆಮೆಗಳು ಚಳಿಗಾಲಕ್ಕೆ ಅಂಜೂರದ ಬುಡದಲ್ಲಿ ಮಣ್ಣು ತೋಡಿಕೊಂಡು ಮಲಗುತ್ತವೆ, ಈಸ್ಟರ್ ಹಬ್ಬದ ಹೊತ್ತಿಗೆ ತಾವೇ ಏಳುತ್ತವೆ. ಮೇಷ್ಟ್ರ ಕಣ್ಣಿಗೆ ಇದು ಶುದ್ಧ ಅಶಿಸ್ತು. ಒಂದು ವರ್ಷ ಅವಳಿಗೆ ಕೆಂಪು ದೀಪ ಹಚ್ಚಿಟ್ಟರು, ಇನ್ನೊಂದು ವರ್ಷ ಕ್ಯಾರೆಟ್ ನೀರಿನ ಸ್ನಾನ ಮಾಡಿಸಿದರು. ಈ ಸಲ ಜರ್ಮನಿಯವರ ಹೊಸ ಪದ್ಧತಿಯೆಂದು ಚೀಸು, ಆಲಿವುಗಳನ್ನೆಲ್ಲ ಹೊರಗಿಟ್ಟು, ಮಣ್ಣು ತುಂಬಿದ ಷೂ ಡಬ್ಬಿಯಲ್ಲಿ ಅವಳನ್ನು ಫ್ರಿಜ್ಜಿನೊಳಗೆ ಮಲಗಿಸಿದ್ದಾರೆ. ಮಲಗಿಸಿ ಸುಮ್ಮನಿರುತ್ತಾರೆಯೇ? ಅರ್ಧ ಗಂಟೆಗೊಮ್ಮೆ ಬಾಗಿಲು ತೆರೆದು ಥರ್ಮಾಮೀಟರು ನೋಡುತ್ತಾರೆ. ತೆರೆದಿದ್ದಕ್ಕೇ ಪಾದರಸ ಏರುತ್ತದೆ. ಏರಿತಲ್ಲ ಎಂದು ಮತ್ತೆ ತೆರೆಯುತ್ತಾರೆ. "ಅದಕ್ಕೆ ಕೈ ಇದ್ದಿದ್ರೆ ಒಳಗಿಂದ ಚಿಲಕ ಹಾಕ್ಕೊಳ್ತಿತ್ತು ಕಣ್ರೀ," ಎನ್ನುತ್ತಾರೆ ಹೆಂಡತಿ ಸ್ತಮಾತಿಯಾ. "ಇದು ವಿಜ್ಞಾನ ಕಣೇ, ನಿಂಗೆ ತಿಳಿಯಲ್ಲ," ಎಂಬುದು ಮೇಷ್ಟ್ರ ಸಿದ್ಧ ಉತ್ತರ. ಮೊನ್ನೆ ಡಾಕ್ಟರು ಅವರ ಎದೆನೋವಿಗೆ ಹೊಸ ಮಾತ್ರೆಯೊಂದನ್ನು ಕೊಟ್ಟು ನೋಡೋಣ ಎಂದಾಗ, "ಮೊದಲು ಬೇರೆಯವ್ರಿಗೆ ಕೊಟ್ಟು ನೋಡಿ ಡಾಕ್ಟ್ರೇ, ನಂಗೆ ಬೇಡ," ಎಂದು ಎದ್ದು ಬಂದರು. ಕೋಟನ್ನೂ ಬಿಚ್ಚದೆ ಫ್ರಿಜ್ ತೆರೆದರು. ಬೆಳಕು ಬಿದ್ದೊಡನೆ ದಾಫ್ನಿ ಮೆಲ್ಲಗೆ ತಲೆಯನ್ನು ಚಿಪ್ಪಿನೊಳಕ್ಕೆ ಎಳೆದುಕೊಂಡಳು. ದಿನವೂ ಅವಳು ಹಾಗೆಯೇ ಮಾಡುತ್ತಿದ್ದಳು, ದಿನವೂ ಮೇಷ್ಟ್ರು ನೋಟ್‌ಬುಕ್ಕಿನಲ್ಲಿ 'ಒಗ್ಗಿಕೊಂಡಿದೆ' ಎಂದು ಬರೆಯುತ್ತಿದ್ದರು. ಅಂದು ತೆಗೆದ ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿದರು. ಏನೂ ಬರೆಯದೆ, ಅಂಜೂರದ ಬುಡ ತೋಡಲು ಗುದ್ದಲಿ ಎಲ್ಲಿದೆ ಎಂದು ಹೆಂಡತಿಯನ್ನು ಕೇಳಿದರು.